ಬೆಳಕು ಆರಿದ ಮೇಲೂ ಹರಿಯುವ ಕರೆಂಟು

2002ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪೈಡಾಂಗ್ ಯಾಂಗ್ ಅವರ ತಂಡ ಜಿಂಕ್ ಆಕ್ಸೈಡಿನ ನ್ಯಾನೊತಂತಿಯೊಂದರ ಮೇಲೆ 365 ನ್ಯಾನೊಮೀಟರಿನ ನೇರಳಾತೀತ ಬೆಳಕು ಬಿಟ್ಟಿತು. ಕತ್ತಲಲ್ಲಿ ವಿದ್ಯುತ್ತನ್ನು ಬಿಡದೆ ಕುಳಿತಿದ್ದ ತಂತಿಯ ರೋಧ ಒಮ್ಮೆಲೇ ಹತ್ತು ಸಾವಿರದಿಂದ ಹತ್ತು ಲಕ್ಷ ಪಟ್ಟು ಇಳಿಯಿತು. ಅಲ್ಲಿಂದೀಚೆಗೆ ಲೋಹದ ಆಕ್ಸೈಡುಗಳ ನ್ಯಾನೊರಚನೆಗಳಿಂದ ನೇರಳಾತೀತ ಸಂವೇದಕ ಕಟ್ಟುವ ಪ್ರಬಂಧಗಳು ಬರುತ್ತಲೇ ಇವೆ.

ಈ ಆಕರ್ಷಣೆಗೆ ಕಾರಣವಿದೆ. ಸಿಲಿಕಾನಿನ ಬ್ಯಾಂಡ್‌ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಬಿಡಿಸಲು ಬೆಳಕು ಕೊಡಬೇಕಾದ ಕನಿಷ್ಠ ಶಕ್ತಿ, 1.1 ಎಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣುವ ಬೆಳಕೆಲ್ಲ ಅದನ್ನು ಎಬ್ಬಿಸುತ್ತದೆ, ಫಿಲ್ಟರ್ ಹಾಕದೆ ವಿಧಿಯಿಲ್ಲ. ಜಿಂಕ್ ಆಕ್ಸೈಡಿನದು ಸುಮಾರು 3.3, ಗೋಚರ ಬೆಳಕಿಗೆ ಅದು ಬಹುಮಟ್ಟಿಗೆ ಕುರುಡು. ಸಾಲದ್ದಕ್ಕೆ ಅಗ್ಗ. ಜಿಂಕ್ ನೈಟ್ರೇಟ್ ಮತ್ತು ಹೆಕ್ಸಮೀನ್ ಕರಗಿಸಿದ ನೀರಿನಲ್ಲಿ, ಬೀಜಪದರ ಹಚ್ಚಿದ ಗಾಜನ್ನು 90 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟರೆ ಸಣ್ಣ ಕಡ್ಡಿಗಳು ಒತ್ತೊತ್ತಾಗಿ ಬೆಳೆದು ನಿಲ್ಲುತ್ತವೆ. ದುಬಾರಿ ಯಂತ್ರಗಳಿಲ್ಲದ ಕಾಲೇಜು ಪ್ರಯೋಗಾಲಯಕ್ಕೂ ಇದು ಕೈಗೆಟಕುತ್ತದೆ. ಇದು ಸಣ್ಣ ಗುಣವಲ್ಲ.

ತೊಡಕಿರುವುದು ತಂತಿಯ ಮೈಮೇಲೆ. ಕತ್ತಲಲ್ಲಿ ಗಾಳಿಯ ಆಮ್ಲಜನಕ ಅಲ್ಲಿ ಅಂಟಿ, ಒಳಗಿನ ಎಲೆಕ್ಟ್ರಾನುಗಳನ್ನು ಕಸಿದಿಟ್ಟುಕೊಂಡಿರುತ್ತದೆ. ಬೆಳಕಿನಿಂದ ಹುಟ್ಟಿದ ಧನ ಆವೇಶದ ರಂಧ್ರಗಳು ಮೇಲ್ಮೈಗೆ ಸರಿದು ಆ ಆಮ್ಲಜನಕವನ್ನು ಬಿಡಿಸಿ ಕಳಿಸುತ್ತವೆ. ಒಂಟಿಯಾದ ಎಲೆಕ್ಟ್ರಾನ್, ಆಮ್ಲಜನಕ ಮತ್ತೆ ಬಂದು ಅಂಟುವವರೆಗೆ, ಕರೆಂಟು ಸಾಗಿಸುತ್ತಲೇ ಇರುತ್ತದೆ. 1957ರಷ್ಟು ಹಿಂದೆಯೇ ಮೆಲ್ನಿಕ್ ಎಂಬ ಸಂಶೋಧಕರು ಜಿಂಕ್ ಆಕ್ಸೈಡಿನಲ್ಲಿ ಆಮ್ಲಜನಕದ ಈ ಪಾತ್ರವನ್ನು ವಿವರಿಸಿದ್ದರು. ಗಾತ್ರಕ್ಕೆ ಹೋಲಿಸಿದರೆ ನ್ಯಾನೊತಂತಿಯ ಮೇಲ್ಮೈ ವಿಪರೀತ ದೊಡ್ಡದು. ಹಳೆಯ ಪರಿಣಾಮ ಅದರಲ್ಲಿ ಹಿಗ್ಗಿ ಕಾಣುತ್ತದೆ, ಅಷ್ಟೆ.

2007ರಲ್ಲಿ ಸ್ಯಾನ್ ಡಿಯಾಗೊದ ಸಂಶೋಧಕರು ಇಂಥ ತಂತಿಗಳಲ್ಲಿ 10 ಕೋಟಿ ಮಟ್ಟದ ಆಂತರಿಕ ವರ್ಧನೆಯನ್ನು ವರದಿ ಮಾಡಿದರು. ಈ ಅಂಕಿಯನ್ನು ಬಿಡಿಸಿ ನೋಡಬೇಕು. 365 ನ್ಯಾನೊಮೀಟರಿನ ಪ್ರತಿ ಫೋಟಾನೂ ಒಂದೊಂದು ಎಲೆಕ್ಟ್ರಾನ್ ಕೊಟ್ಟರೆ ಒಂದು ವಾಟ್ ಬೆಳಕಿಗೆ ಸಿಗುವುದು ಸುಮಾರು 0.29 ಆಂಪಿಯರ್. ಅದರಾಚೆಗಿನದೆಲ್ಲ ವರ್ಧನೆಯ ಕೊಡುಗೆ. ವರ್ಧನೆಯಾದರೋ, ಆವೇಶ ಒಳಗೆ ಬದುಕುವ ಕಾಲವನ್ನು ಅದು ತಂತಿ ದಾಟುವ ಕಾಲದಿಂದ ಭಾಗಿಸಿದರೆ ಬರುವ ಸಂಖ್ಯೆ. ಅಂದರೆ ದಾಖಲೆಯೆಂದು ಮೆರೆಸುವ ಅಂಕಿಯ ಒಳಗೇ ನಿಧಾನವೂ ಕೂತಿದೆ. ದೀಪ ಆರಿದ ಮೇಲೆ ಕರೆಂಟು ಇಳಿಯಲು ಸೆಕೆಂಡುಗಳು, ನಿಮಿಷಗಳು, ಕೆಲವೊಮ್ಮೆ ಗಂಟೆಗಳೇ ಹಿಡಿಯುತ್ತವೆ. ಗಾಳಿಯ ತೇವ ಬದಲಾದರೆ ಅಳತೆಯೂ ಬದಲಾಗುತ್ತದೆ. ಬೆಳಕು ಪ್ರಖರವಾದಂತೆ ವರ್ಧನೆ ಕುಸಿಯುತ್ತದೆ. ಅತಿ ಮಂದ ಬೆಳಕಿನಲ್ಲಿ ಸಿಕ್ಕ ಗರಿಷ್ಠ ಅಂಕಿಯನ್ನು ಸಾರಾಂಶದಲ್ಲಿ ಬರೆದು, ಇಳಿಕೆಯ ಕಾಲವನ್ನು ಒಳಪುಟದ ನಕ್ಷೆಗೆ ಬಿಡುವುದು ಓದುಗನಿಗೆ ಮಾಡುವ ಅನ್ಯಾಯ.

ಬಳಕೆಯ ಮಾತಿನಲ್ಲೂ ಇದೇ ಸಡಿಲು. ಬಿಸಿಲಿನ ಅಪಾಯ ತಿಳಿಸುವ ಕೈಪಟ್ಟಿ ಎಂಬ ಭರವಸೆ ಪದೇಪದೇ ಕೇಳಿಬರುತ್ತದೆ. ನೆಲಕ್ಕೆ ತಲುಪುವ ನೇರಳಾತೀತದಲ್ಲಿ ನೂರಕ್ಕೆ ಸುಮಾರು 95 ಪಾಲು ಯುವಿ-ಎ. ಚರ್ಮ ಸುಡುವುದು ಮುಖ್ಯವಾಗಿ 280ರಿಂದ 315 ನ್ಯಾನೊಮೀಟರಿನ ಯುವಿ-ಬಿ. ಎರಡನ್ನೂ ಒಟ್ಟಿಗೆ ನುಂಗುವ ಜಿಂಕ್ ಆಕ್ಸೈಡ್ ತಾನೊಂದೇ ಯುವಿ ಸೂಚ್ಯಂಕವನ್ನು ನಂಬುವಂತೆ ಹೇಳಲಾರದು.

ಗ್ಯಾಲಿಯಮ್ ಆಕ್ಸೈಡಿನ ಕಥೆ ಹೆಚ್ಚು ಗಟ್ಟಿ. ಬ್ಯಾಂಡ್‌ಗ್ಯಾಪ್ ಸುಮಾರು 4.8, 280ಕ್ಕಿಂತ ಕೆಳಗಿನ ತರಂಗಗಳಿಗಷ್ಟೇ ಸ್ಪಂದನೆ. ಬಿಸಿಲಿನ ಆ ಭಾಗವನ್ನು ಓಝೋನ್ ಪದರ ಮೇಲೆಯೇ ತಡೆಯುವುದರಿಂದ ನಡುಹಗಲಲ್ಲೂ ಬೆಂಕಿಯ ಜ್ವಾಲೆಯನ್ನು ಗುರುತಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದರ ತೆಳುಪದರಗಳಿಂದ ಇಂಥ ಸಂವೇದಕಗಳನ್ನು ಕಟ್ಟಿ ತೋರಿಸಿದ್ದಾರೆ. ಆದರೆ ಜ್ವಾಲೆಯ ಎಚ್ಚರಿಕೆ ಗಂಟೆ ನಿಮಿಷಗಟ್ಟಲೆ ಕಾಯುವಂತಿಲ್ಲ.

ನಿಧಾನವೇ ಮುಖ್ಯ ತೊಡಕಾದ್ದರಿಂದ ಈಗ ಗಮನ ಕೊಡಬೇಕಾದ್ದು ಜಿಂಕ್ ಆಕ್ಸೈಡಿಗೆ ನಿಕ್ಕಲ್ ಆಕ್ಸೈಡ್ ಜೋಡಿಸಿ ಸಂಧಿ ಮಾಡುವಂಥ ಪ್ರಯತ್ನಗಳಿಗೆ. ಹೊರಗಿನ ವೋಲ್ಟೇಜ್ ಇಲ್ಲದೆಯೂ ಸಂಧಿಯ ಒಳಗಿನ ಕ್ಷೇತ್ರವೇ ಆವೇಶಗಳನ್ನು ಬೇರ್ಪಡಿಸಿ ಹೊರಗೆಳೆಯುತ್ತದೆ. ವರ್ಧನೆ ಹೋಗುತ್ತದೆ, ಸ್ಪಂದನೆ ಆ 0.29ಕ್ಕಿಂತ ಕೆಳಗೇ ಉಳಿಯುತ್ತದೆ. ಬದಲಿಗೆ ಬೆಳಕು ನಿಂತಾಗ ಕರೆಂಟೂ ಬೇಗ ನಿಲ್ಲುತ್ತದೆ.