ಶಾಲಾ ಮನಶ್ಶಾಸ್ತ್ರಜ್ಞನ ಕರ್ತವ್ಯ: ಒಂದು ವಿಮರ್ಶೆ

ಅಮೆರಿಕೆಯ ಸಾರ್ವಜನಿಕ ಶಾಲೆಗಳಲ್ಲಿ ಮನಶ್ಶಾಸ್ತ್ರಜ್ಞನ ಹುದ್ದೆಯು ಬೆಳೆದುಬಂದ ಬಗೆಯನ್ನು ವಿಜ್ಞಾನದ ನಿರಂತರ ಪ್ರಗತಿಯೆಂದು ವರ್ಣಿಸುವುದು ಸುಲಭ. ಆದರೆ ಇತಿಹಾಸವು ಆ ವರ್ಣನೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲವೆಂದು ನಾವು ಭಾವಿಸುತ್ತೇವೆ.

ಫ್ರಾನ್ಸಿನ ಆಲ್ಫ್ರೆಡ್ ಬಿನೆಯವರು ಸಿಮೋನರೊಡನೆ 1905ರಲ್ಲಿ ಬುದ್ಧಿಮಾಪನ ಕ್ರಮವನ್ನು ರಚಿಸಿದುದು ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಬೋಧನೆಯನ್ನು ಒದಗಿಸುವ ಸಲುವಾಗಿ. ಬುದ್ಧಿಯು ಬೆಳೆಯಲಾರದ ಸ್ಥಿರ ಪರಿಮಾಣವೆಂಬ ವಾದವನ್ನು ಅವರು 1909ರಲ್ಲಿಯೇ ಖಂಡಿಸಿದ್ದರು. 1915ರಲ್ಲಿ ಕನೆಕ್ಟಿಕಟ್ ಸಂಸ್ಥಾನವು ಆರ್ನಾಲ್ಡ್ ಗೆಸೆಲ್ಲರನ್ನು ಶಾಲಾ ಮನಶ್ಶಾಸ್ತ್ರಜ್ಞರನ್ನಾಗಿ ನೇಮಿಸಿದಾಗ, ಮಕ್ಕಳನ್ನು ಪರೀಕ್ಷಿಸುವುದರ ಜೊತೆಗೆ ಅವರ ಶಿಕ್ಷಣಕ್ಕೆ ಸಲಹೆ ನೀಡುವುದೂ ಆ ಹುದ್ದೆಯ ಕಾರ್ಯವಾಗಿದ್ದಿತು. ಕಾಲಕ್ರಮದಲ್ಲಿ ಪರೀಕ್ಷೆಯು ಮುಂದಾಗಿ ಸಲಹೆಯು ಹಿಂದೆ ಸರಿಯಿತು.

ಅದರ ಪರಿಣಾಮವು ಕ್ಯಾಲಿಫೋರ್ನಿಯದಲ್ಲಿ ಸ್ಪಷ್ಟವಾಯಿತು. ಅಲ್ಲಿ ಬುದ್ಧಿಪರೀಕ್ಷೆಯ ಅಂಕಗಳನ್ನು ಆಧರಿಸಿ ಕಪ್ಪುವರ್ಣೀಯ ಮಕ್ಕಳನ್ನು, ಅವರ ಸಂಖ್ಯೆಯ ಪ್ರಮಾಣವನ್ನು ಮೀರಿ, ಮಂದಬುದ್ಧಿಯವರೆಂಬ ಹೆಸರಿನ ತರಗತಿಗಳಿಗೆ ಸೇರಿಸಲಾಗಿತ್ತು. ಇದು ಪಕ್ಷಪಾತವೆಂದು ಫೆಡರಲ್ ನ್ಯಾಯಾಲಯವು 1979ರಲ್ಲಿ ನಿರ್ಣಯಿಸಿತು. ಯಾವುದೇ ಒಂದು ಪರೀಕ್ಷೆಯನ್ನು ಏಕಮಾತ್ರ ಆಧಾರವಾಗಿ ಬಳಸಕೂಡದೆಂದು 1975ರ ರಾಷ್ಟ್ರೀಯ ಶಾಸನವೇ ವಿಧಿಸಿದ್ದಿತು.

ಅಳತೆಯನ್ನು ತೊರೆಯಬೇಕೆಂಬುದು ನಮ್ಮ ವಾದವಲ್ಲ. ಅಳತೆಯಿಲ್ಲದೆ ಸಹಾಯಕ್ಕೆ ಅರ್ಹವಾದ ಮಗುವು ಕಣ್ಣಿಗೆ ಬೀಳದೆ ಹೋದೀತು. ಆದರೆ ಅಳತೆಯ ತರುವಾಯ ಆ ಮಗುವಿಗೆ ಯಾವ ಬೋಧನೆಯು ದೊರೆಯಿತೆಂಬುದೇ ಈ ಹುದ್ದೆಗೆ ಒರೆಗಲ್ಲಾಗಬೇಕು.