ಗುಂಡುಗಳ ಹದ

ಗವರ್ನರ್ ಕಣ್ಣಿಗಿಂತ ಕಿವಿಗೆ ಸೇರಿದ ಭಾಗ. ನೇಗಿಲು ಗಟ್ಟಿ ಮಣ್ಣಿಗೆ ಇಳಿಯುತ್ತಲೇ ಇಂಜಿನ್ನಿನ ಸದ್ದು ಒಂದು ಕ್ಷಣ ಕುಗ್ಗಿ, ಎತ್ತು ನೊಗಕ್ಕೆ ಹೆಗಲು ಕೊಟ್ಟಂತೆ ಮತ್ತೆ ಎದ್ದು ನಿಲ್ಲುತ್ತದಲ್ಲ, ಅದೇ ಗವರ್ನರ್. ಓಡಿಸುವವನು ಏನನ್ನೂ ಮುಟ್ಟಿರುವುದಿಲ್ಲ. ಅದರ ಒಳಗನ್ನು ಕಣ್ಣಾರೆ ನೋಡಲು ಸಿಗುವುದು ಅದು ಸವೆದಾಗ, ಇಲ್ಲವೇ ಅದು ಕೂತಿರುವ ಟೈಮಿಂಗ್ ಕವರ್ ಬಿರುಕು ಬಿಟ್ಟಾಗ.

ಗವರ್ನರಿನ ಕೆಲಸ ನೋಡಬೇಕೆಂದರೆ ಫೋರ್ಡ್ 8ಎನ್ ಟ್ರ್ಯಾಕ್ಟರಿನಲ್ಲೇ ನೋಡಬೇಕು ಎನ್ನುವುದು ನನ್ನ ಹಟ. 1947ರಿಂದ 1952ರವರೆಗೆ ಅಮೆರಿಕದಲ್ಲಿ ತಯಾರಾದದ್ದು. 5 ಲಕ್ಷಕ್ಕೂ ಹೆಚ್ಚು ಹೊರಬಂದವು. ಅಲ್ಲಿನ ಸಣ್ಣ ಹೊಲಗಳಲ್ಲಿ ಈಗಲೂ ದುಡಿಯುವವು ಇವೆ. ಮೇಲಿನ ತಗಡು ಬೂದು, ಎರಕದ ಮೈಯೆಲ್ಲ ಕೆಂಪು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್, 120 ಘನ ಅಂಗುಲ. ನಮ್ಮ ಕಡೆಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಗವರ್ನರ್ ಸಾಮಾನ್ಯವಾಗಿ ಇಂಧನದ ಪಂಪಿನೊಳಗೇ ಇರುತ್ತದೆ. ಕೆಟ್ಟರೆ ಪಂಪನ್ನೇ ಬಿಚ್ಚಿ ಅಂಗಡಿಗೆ ಒಯ್ಯುತ್ತೇವೆ, ರೈತನಿಗೆ ಅದರ ದರ್ಶನವೇ ಆಗುವುದಿಲ್ಲ. 8ಎನ್‌ನಲ್ಲಿ ಹಾಗಲ್ಲ. ಬೇರೆಯದೇ ಒಂದು ಗೂಡಾಗಿ ಟೈಮಿಂಗ್ ಕವರಿಗೆ ಬೋಲ್ಟು ಹಾಕಿ ಕೂರಿಸಿದ್ದಾರೆ.

ಈ ಗಾಡಿಗೆ ಬೇರೆ ಚಾಸಿಯೂ ಇಲ್ಲ. ಇಂಜಿನ್ನು, ಗಿಯರ್‌ಬಾಕ್ಸು ಒಂದಕ್ಕೊಂದು ಬೆಸೆದುಕೊಂಡು ತಾವೇ ಭಾರ ಹೊರುತ್ತವೆ. ಮುಂದಿನ ಆಕ್ಸಲ್ ಇಂಜಿನ್ನಿನ ಮೂತಿಗೇ ಕಚ್ಚಿಕೊಂಡಿದೆ. ಹಾಗಾಗಿ ಬಿರುಕು ಬಿಟ್ಟ ಟೈಮಿಂಗ್ ಕವರ್ ಕಳಚಲು ಬಾನೆಟ್ಟು, ರೇಡಿಯೇಟರ್ ಇಳಿಸಿ, ಇಂಜಿನ್ನಿನ ಅಡಿಗೆ ಭದ್ರವಾದ ಆಸರೆ ಕೊಟ್ಟು, ಮುಂಗಾಲಿಗಳನ್ನು ಆಕ್ಸಲ್ ಸಮೇತ ಮುಂದಕ್ಕೆ ಉರುಳಿಸಬೇಕು.

ಕವರ್ ಈಚೆ ಬಂದಾಗ ಎರಡು ಗಿಯರುಗಳು ಕಾಣುತ್ತವೆ. ಕೆಳಗಿನ ಚಿಕ್ಕದು ಕ್ರ್ಯಾಂಕಿನದು, ಮೇಲಿನ ದೊಡ್ಡದು ಕ್ಯಾಮಿನದು. ಅದು ಎರಡು ಸುತ್ತು ಬಂದರೆ ಇದು ಒಂದು ಸುತ್ತು. ಗವರ್ನರಿನ ಪುಟ್ಟ ಗಿಯರ್ ತಿರುಗುವುದು ಈ ದೊಡ್ಡದಕ್ಕೆ ಹಲ್ಲು ಕೊಟ್ಟೇ. ಹೊರಗಿನಿಂದ ಬರೀ ಮುಚ್ಚಳದಂತೆ ಕಾಣುವ ಕವರ್ ಎಣ್ಣೆಯನ್ನು ತಡೆಯುವುದಷ್ಟೇ ಅಲ್ಲ, ಆ ಹಲ್ಲುಗಳ ನಡುವಿನ ಅಂತರವನ್ನೂ ಕಾಯುತ್ತದೆ. 1950ರಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕಕ್ಕೆ ಸರಿಯುವವರೆಗೆ ಅದನ್ನೂ ಇದೇ ಕವರ್ ಹೊತ್ತಿತ್ತು. ಆ ಡಿಸ್ಟ್ರಿಬ್ಯೂಟರಿನ ನಾಲಿಗೆ ನಟ್ಟನಡುವೆ ಇಲ್ಲ, ಕೊಂಚ ಒಂದು ಬದಿಗಿದೆ. ಕ್ಯಾಮಿನ ತುದಿಯ ಸೀಳಿಗೆ ಅದು ಒಂದೇ ರೀತಿ ಕೂರುತ್ತದೆ, ತಿರುಗುಮುರುಗಾಗಿ ಕೂರುವುದಿಲ್ಲ. ತಪ್ಪು ಆಗದಂತೆ ಮಾಡಿದ ಇಂಥ ಜಾಣ್ಮೆ ಕಂಡರೆ ನನಗೆ ಗೌರವ ಉಕ್ಕುತ್ತದೆ. ಕೂರಲಿಲ್ಲವೆಂದು ಬೋಲ್ಟು ಬಿಗಿದು ಎಳೆದರೆ ಎರಕವೇ ಒಡೆಯುತ್ತದೆ.

ಇನ್ನು ಗವರ್ನರ್. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ದಯವಿಟ್ಟು ಒಮ್ಮೆ ಬಿಚ್ಚಿ ನೋಡಿ. ಒಳಗೆ ಕೆಲವು ಉಕ್ಕಿನ ಗುಂಡುಗಳು, ಅವುಗಳ ಎದುರಿಗೆ ಓರೆಯಾದ ಒಂದು ಬಟ್ಟಲು. ಶಾಫ್ಟ್ ತಿರುಗಿದಷ್ಟೂ ಗುಂಡುಗಳು ಅಂಚಿಗೆ ಸಿಡಿಯುತ್ತವೆ, ಸಿಡಿದಷ್ಟೂ ಬಟ್ಟಲನ್ನು ದೂಡುತ್ತವೆ. ಬಟ್ಟಲು ಒಂದು ಕವೆಯನ್ನು ತಳ್ಳುತ್ತದೆ. ಹೊರಗಿನ ಕಡ್ಡಿ ಕಾರ್ಬ್ಯುರೇಟರಿನ ಬಾಯಿ ಮುಚ್ಚುತ್ತದೆ. ಇದಕ್ಕೆ ಎದುರಾಗಿ ಒಂದು ಸ್ಪ್ರಿಂಗು ಅದೇ ಬಾಯಿಯನ್ನು ತೆರೆಯಲು ಎಳೆಯುತ್ತಿರುತ್ತದೆ. ಸ್ಟೀರಿಂಗ್ ಕೆಳಗಿನ ಕೈ ಥ್ರಾಟಲ್ ಮಾಡುವುದು ಆ ಸ್ಪ್ರಿಂಗನ್ನು ಬಿಗಿಯುವ ಕೆಲಸವಷ್ಟೇ. ರೈತ ಪೆಟ್ರೋಲು ಕೊಡುತ್ತಿಲ್ಲ, ಇಷ್ಟು ವೇಗ ಇರಲಿ ಎಂದು ಹೇಳುತ್ತಿದ್ದಾನೆ. ಎಷ್ಟು ಪೆಟ್ರೋಲು ಬೇಕು ಎನ್ನುವುದನ್ನು ಗುಂಡುಗಳು ತೀರ್ಮಾನಿಸುತ್ತವೆ.

ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಇಂಜಿನ್ನಿಗೆ ತಿರುಗುವ ಗುಂಡುಗಳನ್ನು ಜೋಡಿಸಿದ್ದು ಇದೇ ತತ್ತ್ವದ ಮೇಲೆ. ಇಂಥ ಯಂತ್ರ ಏಕೆ ಒಮ್ಮೊಮ್ಮೆ ನೆಲೆ ನಿಲ್ಲದೆ ಏರಿಳಿಯುತ್ತದೆ ಎಂದು 1868ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್. ಮೆಕ್ಯಾನಿಕ್ಕುಗಳು ‘ಹಂಟಿಂಗ್’ ಎನ್ನುವುದು ಇದನ್ನೇ. ಗುಂಡು ಓಡಾಡುವ ಜಾಗದಲ್ಲಿ ಸವೆದು ತೋಡು ಬಿದ್ದಿದ್ದರೆ, ಕೀಲುಗಳು ಸಡಿಲವಾಗಿದ್ದರೆ, ತಿದ್ದುಪಡಿ ತಡವಾಗಿ ತಲುಪುತ್ತದೆ. ಇಂಜಿನ್ನು ಒಮ್ಮೆ ಮೊರೆದು ಒಮ್ಮೆ ಮಲಗುತ್ತದೆ.

ಹೊಸ ಗವರ್ನರ್ ಕೂರಿಸಿದ ಮೇಲೆ ಕಡ್ಡಿಯ ಉದ್ದ ಹೊಂದಿಸುವುದು ಸೂಕ್ಷ್ಮದ ಕೆಲಸ. ಇಂಜಿನ್ನು ಆರಿರುವಾಗ ಕೈ ಥ್ರಾಟಲನ್ನು ಪೂರ್ತಿ ಎಳೆದರೆ ಕಾರ್ಬ್ಯುರೇಟರ್ ಪೂರ್ತಿ ತೆರೆದಿರಬೇಕು. ನಿಂತ ಯಂತ್ರದ ಬಾಯಿ ತೆರೆದೇ ಇರುವುದು ವಿಚಿತ್ರವೆನಿಸಬಹುದು. ಆದರೆ ಗುಂಡುಗಳು ಇನ್ನೂ ತಿರುಗಿಲ್ಲ, ಸ್ಪ್ರಿಂಗಿಗೆ ಎದುರಾಳಿಯೇ ಇಲ್ಲ.

ಹೊರೆ ಬಿದ್ದಾಗಿನ ಸದ್ದನ್ನು ಎಲ್ಲರೂ ಮೆಚ್ಚುತ್ತಾರೆ. ನಾನು ಕಿವಿಗೊಡುವುದು ಸಾಲಿನ ಕೊನೆಯಲ್ಲಿ. ನೇಗಿಲು ಮೇಲೆದ್ದು ಹೊರೆ ಒಮ್ಮೆಲೇ ಕಳಚಿದಾಗ ಇಂಜಿನ್ನು ಅಂಕೆ ತಪ್ಪಿ ಏರಬೇಕು. ಏರುವುದಿಲ್ಲ. ಒಂದು ಹುರುಪಿನ ಉಸಿರಷ್ಟೇ, ಮರುಕ್ಷಣವೇ ಹಿಂದಿನ ಶ್ರುತಿ. ಗವರ್ನರ್ ಚೆನ್ನಾಗಿ ಕೂತಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಮಾಡುವ ಪರೀಕ್ಷೆ ಅದೊಂದೇ.