ತೆರೆದ ಟೆಂಡರು, ಮುಚ್ಚಿದ ಬಾಯಿ

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನಲ್ಲಿ ಎಂದು 2025ರ ನವೆಂಬರಿನಲ್ಲಿ ಗ್ಲಾಸ್ಗೋದಲ್ಲಿ ತೀರ್ಮಾನವಾಯಿತು. ಇನ್ನು ನಾಲ್ಕೈದು ವರ್ಷ ನಮ್ಮ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ‘ಅವಕಾಶ’ ಎಂಬ ಪದವೇ ಓಡಾಡಲಿದೆ. ದೊಡ್ಡ ಕೂಟ ಬಂದರೆ ಊರಿನ ವ್ಯಾಪಾರ ತಾನಾಗಿ ಏಳುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ನನಗೆ ಆ ನಂಬಿಕೆಯಿಲ್ಲ. ಹಣ ಬರುವುದು ನಿಜ. ಆದರೆ ಅಣೆಕಟ್ಟಿನ ನೀರಿನಂತೆ, ಕೊನೆಯ ಗದ್ದೆಯವರೆಗೆ ಕಾಲುವೆ ತೋಡದಿದ್ದರೆ ಅದು ಮೇಲಿನವರ ಹೊಲದಲ್ಲೇ ನಿಲ್ಲುತ್ತದೆ. ಅಂಥ ಕಾಲುವೆ ತೋಡಲು ಶ್ರದ್ಧೆಯಿಂದ ಹೊರಟ ಊರು ಲಂಡನ್. 2012ರ ಒಲಿಂಪಿಕ್ಸ್‌ಗಾಗಿ ಅದು ಕಟ್ಟಿದ ‘ಕಂಪೀಟ್‌ಫಾರ್’ ಎಂಬ ವ್ಯವಸ್ಥೆಯನ್ನು ಈಗ ಹತ್ತಿರದಿಂದ ನೋಡುವುದು ಒಳ್ಳೆಯದು.

ಕಂಪೀಟ್‌ಫಾರ್ ಒಂದು ಅಂತರ್ಜಾಲ ತಾಣ. ಸಣ್ಣ ಉದ್ಯಮಿ ಅಲ್ಲಿ ಶುಲ್ಕವಿಲ್ಲದೆ ಹೆಸರು ನೋಂದಾಯಿಸಿ ತನ್ನ ಕಸುಬು, ವಹಿವಾಟು, ವಿಮೆ, ಸುರಕ್ಷತಾ ಕ್ರಮಗಳ ವಿವರ ತುಂಬಬೇಕಿತ್ತು. ಅವನ ಕಸುಬಿಗೆ ಹೊಂದುವ ಕೆಲಸ ಬಂದರೆ ಸೂಚನೆ ಬರುತ್ತಿತ್ತು. ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದರೆ ಅಂಕ ಸಿಗುತ್ತಿತ್ತು. ಅಂಕದ ಮೇಲೆ ಕಿರುಪಟ್ಟಿ, ಆಮೇಲೆ ಕೊಳ್ಳುವವರ ಆಯ್ಕೆ. ಆಯ್ಕೆಯಾಗದವನಿಗೆ ತಾನು ಎಲ್ಲಿ ಹಿಂದೆ ಬಿದ್ದೆ ಎಂಬುದೂ ತಿಳಿಯುತ್ತಿತ್ತು.

ಇಷ್ಟರಲ್ಲಿ ಹೊಸದೇನೂ ಇಲ್ಲ ಅನ್ನಿಸಬಹುದು. ಇದರ ನಿಜವಾದ ಬೆಲೆ ಇರುವುದು ಉಪಗುತ್ತಿಗೆಯಲ್ಲಿ. ಸಾಮಾನ್ಯವಾಗಿ ಮುಖ್ಯ ಟೆಂಡರು ಬಹಿರಂಗವಾಗಿ ನಡೆಯುತ್ತದೆ. ಅದನ್ನು ಗೆದ್ದ ದೊಡ್ಡ ಕಂಪನಿ ಬಾಗಿಲು, ಬೇಲಿ, ಕೇಬಲ್ಲು, ಕಾರ್ಮಿಕರ ಊಟವನ್ನು ಯಾರಿಗೆ ಹಂಚುತ್ತದೆ ಎನ್ನುವುದು ಪರಿಚಯದ ವಲಯ ಬಿಟ್ಟು ಹೊರಗೆ ಬರುವುದಿಲ್ಲ. ಕಾಮಗಾರಿಯ ಹೊಣೆ ಹೊತ್ತ ಒಲಿಂಪಿಕ್ ಡೆಲಿವರಿ ಅಥಾರಿಟಿ ತನ್ನ ಮುಖ್ಯ ಗುತ್ತಿಗೆದಾರರನ್ನೂ ಈ ತಾಣದಲ್ಲಿ ಕೆಲಸ ಪ್ರಕಟಿಸಿ ಎಂದು ಒತ್ತಾಯಿಸಿತು. ಕೆಳಹಂತದ ಕೆಲಸವನ್ನು ಹೀಗೆ ಬೆಳಕಿಗೆ ಹಿಡಿದದ್ದು ಲಂಡನ್ನಿನ ದೊಡ್ಡ ಸಾಧನೆ ಎಂದೇ ನಾನು ತಿಳಿಯುತ್ತೇನೆ. ಕೆಲಸ ರಾಜಧಾನಿಯಾಚೆಗೂ ಹೋಯಿತು; ಮುಖ್ಯ ಕ್ರೀಡಾಂಗಣದ ಉಕ್ಕಿನ ಚೌಕಟ್ಟು ಸಿದ್ಧವಾದದ್ದು ಉತ್ತರದ ಬೋಲ್ಟನ್‌ನಲ್ಲಿ.

ಆದರೆ ಹೆಸರು ಕೊಟ್ಟವರು ಲಕ್ಷಕ್ಕೂ ಹೆಚ್ಚು, ಕೆಲಸ ಪಡೆದವರು ಅದರಲ್ಲಿ ಚಿಕ್ಕ ಪಾಲು. ನೇರ ಮತ್ತು ಪರೋಕ್ಷ ಸೇರಿ 75,000 ಗುತ್ತಿಗೆಗಳು ಎಂಬ ದೊಡ್ಡ ಮಾತನ್ನು ನಂಬಿ, ಅರ್ಜಿ ತುಂಬುತ್ತಲೇ ಉಳಿದವರು ಬಹಳ. ಆಸೆ ಹುಟ್ಟಿಸುವಾಗ ಅಂಕಿಗಳನ್ನು ಹಿಡಿತದಲ್ಲಿಡಬೇಕಿತ್ತು.

ಗೆದ್ದವರ ಪಾಡನ್ನು ಓದಿದಾಗ ನನಗೆ ಇನ್ನೂ ಹೆಚ್ಚು ಸಂಕಟವಾಯಿತು. ಒಲಿಂಪಿಕ್ಸ್‌ಗೆ ಕೆಲಸ ಮಾಡಿದ್ದೇವೆ ಎಂದು ಅವರು ಹೇಳಿಕೊಳ್ಳುವಂತಿರಲಿಲ್ಲ. ಕೋಟ್ಯಂತರ ಪೌಂಡು ಕೊಟ್ಟ ಪ್ರಾಯೋಜಕರ ಹಕ್ಕು ಕಾಯಲು, ಪೂರೈಕೆದಾರರು ಕೂಟದ ಹೆಸರನ್ನು ತಮ್ಮ ಪ್ರಚಾರಕ್ಕೆ ಬಳಸಬಾರದೆಂಬ ಷರತ್ತು ಕರಾರಿನಲ್ಲೇ ಇತ್ತು. ಕ್ರೀಡಾಂಗಣ ವಿನ್ಯಾಸ ಮಾಡಿದ ವಾಸ್ತುಶಿಲ್ಪಿಗಳೂ ಇದರಿಂದ ಹೊರತಲ್ಲ. ಸಣ್ಣ ಉದ್ಯಮಿಗೆ ಇಂಥ ಕೆಲಸದಿಂದ ಸಿಗುವ ಲಾಭಾಂಶ ಅಷ್ಟಕ್ಕಷ್ಟೇ. ಮುಂದಿನ ಗಿರಾಕಿಗೆ ‘ಅಲ್ಲಿ ನಾವೇ ಮಾಡಿದ್ದು’ ಎಂದು ತೋರಿಸುವುದೇ ಅವನ ನಿಜವಾದ ಗಳಿಕೆ. ಕೂಟ ಮುಗಿದು ತಿಂಗಳುಗಳು ಕಳೆದ ಮೇಲೆ, 2013ರ ಜನವರಿಯಲ್ಲಿ, ಬ್ರಿಟನ್ ಸರ್ಕಾರ ಅಲ್ಲಿನ ಒಲಿಂಪಿಕ್ ಸಂಸ್ಥೆಗೆ ಹಣ ಕೊಟ್ಟು ಆ ನಿರ್ಬಂಧವನ್ನು ಒಂದಿಷ್ಟು ಸಡಿಲಿಸಿತು. ಜಗತ್ತು ಲಂಡನ್ನನ್ನೇ ನೋಡುತ್ತಿದ್ದ ಆ ಬೇಸಿಗೆ ಅಷ್ಟರಲ್ಲಿ ಕಳೆದುಹೋಗಿತ್ತು.

ಅಂಗಡಿಯವರ ಸ್ಥಿತಿಯೂ ಬೇರೆಯಲ್ಲ. 2006ರ ಲಂಡನ್ ಒಲಿಂಪಿಕ್ಸ್ ಕಾಯ್ದೆ ‘ಗೇಮ್ಸ್’, ‘2012’ ಎಂಬ ಪದಗಳನ್ನು ಒಂದು ಪಟ್ಟಿಯಲ್ಲೂ ‘ಚಿನ್ನ’, ‘ಬೆಳ್ಳಿ’, ‘ಬೇಸಿಗೆ’, ‘ಲಂಡನ್’ ಎಂಬ ಪದಗಳನ್ನು ಇನ್ನೊಂದರಲ್ಲೂ ಇಟ್ಟಿತು. ಇವನ್ನು ಜೋಡಿಸಿ ಫಲಕ ಬರೆದರೆ ನೋಟಿಸು ಬರುವ ಭಯ. ಗ್ರೀನಿಚ್‌ನಲ್ಲಿ ಕುದುರೆ ಸವಾರಿ ಸ್ಪರ್ಧೆಗೆ ಬಂದ ಜನರನ್ನು ತಡೆಬೇಲಿಗಳು ನಿಲ್ದಾಣದಿಂದ ನೇರ ಮೈದಾನಕ್ಕೆ ಸಾಗಿಸಿದವು. ಪಕ್ಕದ ಮಾರುಕಟ್ಟೆಯವರು ಗಿರಾಕಿಯಿಲ್ಲದೆ ಕೂತು ಕೊನೆಗೆ ದೂರು ಕೊಡಬೇಕಾಯಿತು. ಇನ್ನು ಕ್ರೀಡಾಂಗಣ ಎದ್ದ ಜಾಗದಲ್ಲಿ ಮೊದಲೇ ಇದ್ದವರ ಮಾತು. ಲೀ ಕಣಿವೆಯಿಂದ ಇನ್ನೂರಕ್ಕೂ ಹೆಚ್ಚು ಉದ್ಯಮಗಳನ್ನು ಎಬ್ಬಿಸಲಾಯಿತು. 1905ರಿಂದ ಹೊಗೆಯಲ್ಲಿ ಸಾಲ್ಮನ್ ಮೀನು ಹದ ಮಾಡುತ್ತಿದ್ದ ಫೋರ್ಮನ್ ಕಂಪನಿ ಹೋರಾಡಿ ಹತ್ತಿರದ ಫಿಶ್ ಐಲೆಂಡಿನಲ್ಲಿ ನೆಲೆ ಕಂಡಿತು. ಎಲ್ಲರಿಗೂ ಹಾಗೆ ಹೋರಾಡುವ ಬಲ ಇರುವುದಿಲ್ಲ. ಹೊಸ ಅವಕಾಶದ ಲೆಕ್ಕ ಬರೆಯುವವರು ಈ ಕಳೆದುಕೊಂಡವರನ್ನು ಅದೇ ಪುಟದಲ್ಲಿ ಬರೆಯಬೇಕು.

ಸಣ್ಣ ವ್ಯಾಪಾರಿಯ ಈ ನಷ್ಟವನ್ನು ತಪ್ಪಿಸಲಾಗದು ಎನ್ನುವವರಿಗೆ ಬ್ರೆಜಿಲ್ಲಿನ ಸಾಲ್ವಡಾರ್ ಉತ್ತರ ಕೊಟ್ಟಿದೆ. ಅಲ್ಲಿ ಅಲಸಂದೆ ಹಿಟ್ಟಿನ ಅಕಾರಜೆ ಎಂಬ ವಡೆ ಕರಿದು ಮಾರುವ ಬಿಳಿಯುಡುಪಿನ ಹೆಂಗಸರನ್ನು ವಿಶ್ವಕಪ್ ಫುಟ್‌ಬಾಲಿನ ವೇಳೆ ಫಿಫಾ ನಿಯಮ ಕ್ರೀಡಾಂಗಣದಿಂದ ದೂರ ಇಡುತ್ತಿತ್ತು. ಅವರ ಸಂಘ ಪಟ್ಟು ಬಿಡಲಿಲ್ಲ. ಕೆಲವರಿಗಾದರೂ ಮಾರಲು ಅನುಮತಿ ಸಿಕ್ಕಿತು.

ನಮ್ಮಲ್ಲಿ ದೆಹಲಿಯ 2010ರ ಕಾಮನ್‌ವೆಲ್ತ್ ಕೂಟದ ಅನುಭವ ಕಹಿಯಾದದ್ದು. ಬೀದಿ ವ್ಯಾಪಾರಿಗಳನ್ನು ಎತ್ತಂಗಡಿ ಮಾಡಲಾಯಿತು. ಕೂಟ ಮುಗಿದ ಮೇಲೂ ಆಸ್ಟ್ರೇಲಿಯದ ಹಲವು ಕಂಪನಿಗಳು ಬಾಕಿಗಾಗಿ ಅಲೆದವು. ಆಮೇಲೆ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು, 2016ರಲ್ಲಿ ಸರ್ಕಾರಿ ಖರೀದಿಯ ‘ಜೆಮ್’ ತಾಣ ಬಂತು. ಸಣ್ಣ ಘಟಕಕ್ಕೆ 45 ದಿನದೊಳಗೆ ಹಣ ಕೊಡಬೇಕೆಂಬ ಕಾನೂನು 2006ರಿಂದಲೇ ಇದೆ. ಸಲಕರಣೆಗಳಿಗೆ ಕೊರತೆಯಿಲ್ಲ. ಆದರೆ ದೊಡ್ಡ ಗುತ್ತಿಗೆದಾರ ಯಾರಿಗೆ ಜಾಬ್‌ವರ್ಕ್ ಕೊಟ್ಟ, ಬಿಲ್ಲು ಯಾವಾಗ ತೀರಿಸಿದ ಎನ್ನುವುದು ಜೆಮ್‌ನಲ್ಲಿ ಕಾಣುವುದಿಲ್ಲ. ಪೀಣ್ಯದ ಒಬ್ಬ ಫ್ಯಾಬ್ರಿಕೇಟರ್‌ಗೆ ಅಹಮದಾಬಾದಿನ ಗ್ಯಾಲರಿ ಕಂಬಿಗಳ ಕೆಲಸ ಕೇಳಬೇಕೆನಿಸಿದರೆ, ಆ ಕೆಲಸ ಇದೆ ಎಂದು ಅವನಿಗೆ ತಿಳಿಸುವ ದಾರಿ ಇವತ್ತಿಗೆ ಪರಿಚಯದವರ ಫೋನು ಮಾತ್ರ. ಮುಖ್ಯ ಗುತ್ತಿಗೆಯ ಕರಾರಿನಲ್ಲೇ ಮೂರು ಷರತ್ತು ಸೇರಬೇಕು: ಉಪಗುತ್ತಿಗೆಯ ಬಹಿರಂಗ ಪ್ರಕಟಣೆ, ಬಿಲ್ಲು ತೀರಿಸಿದ ದಿನಾಂಕದ ಪ್ರಕಟಣೆ, ಮಾಡಿದ ಕೆಲಸವನ್ನು ಹೇಳಿಕೊಳ್ಳುವ ಹಕ್ಕು. ಮೊದಲ ದೊಡ್ಡ ಗುತ್ತಿಗೆಗಳಿಗೆ ಸಹಿ ಬೀಳುವ ಮುಂಚೆಯೇ ಇವು ಬರಬೇಕು; ಲಂಡನ್ ಮೂರನೆಯದನ್ನು ಕೊಟ್ಟಾಗ ಆಟಗಾರರು ಮನೆಗೆ ಹೋಗಿ ಆಗಿತ್ತು.